ಅಳಿವೆಗೆ ಎರಡು ಕೈ, ಕೈಗೊಂದು ದೀಪ

ಈ ಸಲದ ಪ್ರಶ್ನೋತ್ತರ ಪೂರ್ತಿ ಕಡಲಿನದ್ದೇ. ಅದಕ್ಕೆ ಕಾರಣ ಒಂದು ಫೋಟೊ. ಉಡುಪಿಯ ಓದುಗರೊಬ್ಬರ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ರಜೆಯಲ್ಲಿ ವಿಟ್ಬಿ ಎಂಬ ಹಳೇ ಕಡಲೂರಿಗೆ ಹೋದವಳು ಅಮ್ಮನಿಗೆ ಫೋಟೊ ಕಳಿಸಿದ್ದಾಳೆ, ಅಮ್ಮ ನಮಗೆ ಕಳಿಸಿದ್ದಾರೆ. ಸಮುದ್ರದೊಳಗೆ ಚಾಚಿಕೊಂಡ ಎರಡು ಕಲ್ಲಿನ ಗೋಡೆ, ಎರಡರ ಮೇಲೂ ಒಂದೊಂದು ಲೈಟ್‌ಹೌಸ್, ನಡುವೆ ಒಂದು ಮೀನಿನ ಬೋಟು. ಕಳೆದ ಸಂಚಿಕೆಯಲ್ಲಿ ಅದನ್ನು ಹಾಕಿ, ಪ್ರಶ್ನೆ ಇದ್ದರೆ ಕೇಳಿ ಅಂದಿದ್ದೆವು. ಅಂದದ್ದೇ ತಡ, ಹೆಜಮಾಡಿಯಿಂದ ಕುಂದಾಪುರದವರೆಗೆ ಎಲ್ಲರಿಗೂ ಪ್ರಶ್ನೆ ಹುಟ್ಟಿತು. ಮಗಳ ಮನೆಗೆ ಹೋಗಿದ್ದಾಗ ನಾನೂ ಆ ಊರಿನಲ್ಲಿ ಎರಡು ದಿನ ಸುತ್ತಾಡಿದ್ದೇನೆ. ಹಾಗಾಗಿ ಸ್ವಲ್ಪ ಕಂಡದ್ದು, ಸ್ವಲ್ಪ ಓದಿದ್ದು ಸೇರಿಸಿ ಉತ್ತರಿಸುತ್ತೇನೆ.

ಪ್ರ: ನಮ್ಮ ಕಾಪುವಿನಲ್ಲಿ ಇರುವುದು ಒಂದೇ ಲೈಟ್‌ಹೌಸ್. ಅಲ್ಲಿ ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲಿ ಎರಡೆರಡು ಯಾಕೆ? ದುಡ್ಡು ಜಾಸ್ತಿ ಇತ್ತಾ?
(ಫೋಟೊ ಕಳಿಸಿದ ಅಮ್ಮ, ಉಡುಪಿ)

ಉ: ದುಡ್ಡಿನ ವಿಷಯ ಅಲ್ಲ ಅಕ್ಕ. ಹೆಸರು ಒಂದೇ ಆದರೂ ಈ ದೀಪಗಳ ಕೆಲಸ ಬೇರೆ.

ಕಾಪುವಿನ ದೀಪ ದೂರದ ಹಡಗಿಗೆ. "ಇದು ಕಾಪು, ನೀನು ಇಷ್ಟು ದೂರದಲ್ಲಿದ್ದೀಯ, ಇತ್ತ ಬಂಡೆ ಇದೆ" ಅಂತ ಹೇಳುವುದು ಅದರ ಕೆಲಸ. 1901ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಅಷ್ಟು ಎತ್ತರ ಯಾಕೆ ಬೇಕು ಅಂದರೆ ಭೂಮಿ ಗುಂಡಗಿದೆ, ಅಷ್ಟೇ. ನೀರಿನಿಂದ 25 ಮೀಟರ್ ಮೇಲಿರುವ ದೀಪಕ್ಕೆ ದಿಗಂತ ಸುಮಾರು 18 ಕಿಲೋಮೀಟರ್ ದೂರ. ದೀಪ ಎಷ್ಟು ಪ್ರಖರ ಇದ್ದರೂ ಎತ್ತರ ಇಲ್ಲದಿದ್ದರೆ ಅದರಾಚೆ ನೀರೇ ಅಡ್ಡ ಬರುತ್ತದೆ. ನಮ್ಮಲ್ಲಿ ಕಡಲ ಬದಿ ಚಪ್ಪಟೆ, ಹಾಗಾಗಿ ಗೋಪುರವನ್ನೇ ಎತ್ತರಿಸಬೇಕು. ಮಂಗಳೂರಿನ ಬಾವುಟಗುಡ್ಡೆ ನೋಡಿ, ಅಲ್ಲಿ ಗುಡ್ಡವೇ ಅರ್ಧ ಕೆಲಸ ಮಾಡಿಬಿಟ್ಟಿದೆ, ಮೇಲಿನ ಗೋಪುರ ಗಿಡ್ಡ.

ವಿಟ್ಬಿಯಲ್ಲೂ ಅಂಥದ್ದೊಂದು ದೀಪ ಉಂಟು, ನಿಮ್ಮ ಫೋಟೊದಲ್ಲಿ ಬಂದಿಲ್ಲ. ಊರಿನಿಂದ ಆಗ್ನೇಯಕ್ಕೆ, ಕಡಿದಾದ ದಡದ ಮೇಲೆ 1858ರಲ್ಲಿ ಜೇಮ್ಸ್ ವಾಕರ್ ಎಂಬ ಎಂಜಿನಿಯರ್ ಕಟ್ಟಿಸಿದ್ದು. ಗೋಪುರ ಬರೀ 13 ಮೀಟರ್. ಆದರೆ ದಡವೇ ಎತ್ತರ ಇರುವುದರಿಂದ ದೀಪ ಸಮುದ್ರದಿಂದ 70 ಮೀಟರಿಗೂ ಮೇಲಿದೆ. ಕಾಪುವಿನಂತೆ ದೂರದವರನ್ನು ನೋಡಿಕೊಳ್ಳುವುದು ಅದು.

ನಿಮ್ಮ ಮಗಳು ತೆಗೆದದ್ದು ಅಳಿವೆ ಬಾಗಿಲಿನ ದೀಪಗಳು. ಎಸ್ಕ್ ಅಂತ ಒಂದು ನದಿ ಆ ಊರಿನ ನಡುವೆ ಹರಿದು ಕಡಲು ಸೇರುತ್ತದೆ. ಅಳಿವೆಯ ಎರಡೂ ಬದಿಗೆ ಗೋಡೆ. ಇಲ್ಲಿ ಬೇಕಾದದ್ದು ದೂರಕ್ಕೆ ಕಾಣುವ ದೀಪ ಅಲ್ಲ, "ಈ ಎರಡರ ನಡುವೆ ಬಾ, ಆಚೀಚೆ ಹೋಗಬೇಡ" ಅನ್ನುವ ದೀಪ. ಗೇಟಿಗೆ ಎರಡು ಕಂಬ ಇದ್ದ ಹಾಗೆ. ಒಂದೇ ಕಂಬ ಇದ್ದರೆ ಗೇಟು ಅದರ ಎಡಕ್ಕಾ ಬಲಕ್ಕಾ ಅಂತ ಕತ್ತಲಲ್ಲಿ ಯಾರಿಗೆ ಗೊತ್ತಾಗಬೇಕು?

ಪಶ್ಚಿಮದ ಗೋಡೆಯ ಮೇಲಿನದ್ದು 1831ರದ್ದು, ಎತ್ತರ ಸುಮಾರು 25 ಮೀಟರ್, ಅಂದರೆ ಹೆಚ್ಚುಕಮ್ಮಿ ನಮ್ಮ ಕಾಪುವಿನಷ್ಟೇ. ಗ್ರೀಕ್ ದೇವಾಲಯದ ಕಂಬವೊಂದನ್ನು ಕಿತ್ತು ತಂದು ನಿಲ್ಲಿಸಿದ ಹಾಗಿದೆ, ಮೇಲಿಂದ ಕೆಳಗೆ ಉದ್ದುದ್ದ ಗೀರು ಕೆತ್ತಿದ ಕಲ್ಲು. ಬರೀ ದೀಪ ಇಡುವುದಕ್ಕೆ ಇಷ್ಟೆಲ್ಲ ಚಂದ ಬೇಕಿತ್ತಾ ಅಂತ ನನಗೆ ಅನಿಸಿತ್ತು, ಆದರೆ ನೋಡುತ್ತಾ ನಿಂತರೆ ಬೇಕಿತ್ತು ಅಂತಲೇ ಅನಿಸುತ್ತದೆ. ಪೂರ್ವದ ಗೋಡೆಯದ್ದು 1855ರದ್ದು, ಸ್ವಲ್ಪ ಗಿಡ್ಡ. ಅಣ್ಣ ತಮ್ಮ ಎದುರು ಬದುರು ನಿಂತ ಹಾಗೆ.

ಈಗ ಈ ಇಬ್ಬರೂ ಹೆಚ್ಚುಕಮ್ಮಿ ನಿವೃತ್ತರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಎರಡೂ ಗೋಡೆಗಳನ್ನು ಇನ್ನಷ್ಟು ಮುಂದಕ್ಕೆ ಚಾಚಿದರು. ಚಾಚಿದ ತುದಿಯಲ್ಲಿ ಚಿಕ್ಕ ದೀಪಗಳು ಬಂದವು. ಬೋಟಿನವರು ನೋಡುವುದು ಅವನ್ನು, ನಾವು ನೀವು ಫೋಟೊ ತೆಗೆಯುವುದು ಇವನ್ನು.

ಪ್ರ: ಪಿಯರ್ ಅಂದರೆ ನಮ್ಮ ದಕ್ಕೆಯಾ, ಜೆಟ್ಟಿಯಾ, ಬ್ರೇಕ್‌ವಾಟರಾ? ಒಂದೊಂದು ಕಡೆ ಒಂದೊಂದು ಅರ್ಥ ಓದಿ ತಲೆ ಕೆಟ್ಟಿದೆ.
(ಬೋಟು ಮಾಲೀಕರು, ಮಲ್ಪೆ)

ಉ: ತಲೆ ಕೆಡುವುದು ಸಹಜ. ಇಂಗ್ಲಿಷರು ಆ ಒಂದು ಶಬ್ದವನ್ನು ಎರಡು ಬೇರೆಬೇರೆ ವಸ್ತುಗಳಿಗೆ ಬಳಸಿ ಆರಾಮವಾಗಿದ್ದಾರೆ.

ವಿಟ್ಬಿಯ ಪಿಯರ್, ಅಂದರೆ ಫೋಟೊದ ಆ ಕಲ್ಲಿನ ಗೋಡೆ, ನಿಮಗೆ ಚೆನ್ನಾಗಿ ಗೊತ್ತಿರುವ ಬ್ರೇಕ್‌ವಾಟರೇ. ತಳದಿಂದ ಮೇಲಿನವರೆಗೆ ಗಟ್ಟಿ ಕಲ್ಲು, ಅಲೆ ಬಂದು ಅದಕ್ಕೆ ಹೊಡೆದು ಅಲ್ಲೇ ಸಾಯಬೇಕು, ಒಳಗಿನ ನೀರು ತಣ್ಣಗಿರಬೇಕು. ಬ್ರೈಟನ್‌ನಂಥ ಊರಿನ ಪಿಯರ್ ಇದಕ್ಕೆ ಪೂರ್ತಿ ಉಲ್ಟಾ. ಅದು ಕಬ್ಬಿಣದ ಕಾಲುಗಳ ಮೇಲೆ ನಿಂತ ಹಲಗೆಯ ದಾರಿ, ಅಲೆ ಅದರ ಅಡಿಯಲ್ಲಿ ಸರಾಗವಾಗಿ ಹೋಗುತ್ತದೆ. ಮೊದಮೊದಲು ಸ್ಟೀಮರ್ ಹತ್ತಿ ಇಳಿಯಲು ಅಂತ ಕಟ್ಟಿದ್ದು, ಆಮೇಲೆ ಗಾಳಿ ತಿನ್ನಲು ಬರುವವರ ಜಾಗ ಆಯಿತು.

ಮಂಗಳೂರಿನ ದಕ್ಕೆ ಇವೆರಡೂ ಅಲ್ಲ, ಅದು ಬೋಟು ತಾಗಿಸಿ ಮೀನು ಇಳಿಸುವ ಕಟ್ಟೆ. ನಮ್ಮಲ್ಲಿ ಒಂದೊಂದಕ್ಕೂ ಬೇರೆ ಬೇರೆ ಶಬ್ದ ಉಂಟು. ಈ ವಿಷಯದಲ್ಲಿ ನಾವೇ ವಾಸಿ.

ಪ್ರ: ಅಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಗೋಡೆ ಕಟ್ಟುವ ಗರಜು ಏನಿತ್ತು?
(ನಿವೃತ್ತ ಮೇಷ್ಟ್ರು, ಮೂಲ್ಕಿ)

ಉ: ಮೇಷ್ಟ್ರೇ, ಇದಕ್ಕೆ ಉತ್ತರ ವಿಟ್ಬಿಯಲ್ಲಿ ಅಲ್ಲ, ಬೆಂಗ್ರೆಯಲ್ಲಿ ಸಿಗುತ್ತದೆ.

ಒಂದು ಆಗಸ್ಟ್ ಸಂಜೆ ಮಂಗಳೂರಿನ ಬಂದರಿನಿಂದ ಫೆರಿ ದೋಣಿ ಹತ್ತಿ ಅಳಿವೆ ಬದಿಯ ಬೆಂಗ್ರೆಗೆ ಹೋಗಿದ್ದೆ. ಎರಡು ತಿಂಗಳ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸತು. ನೇತ್ರಾವತಿ, ಫಲ್ಗುಣಿ ಎರಡೂ ಕೆಂಪಗೆ ತುಂಬಿ ಅಳಿವೆಗೆ ನುಗ್ಗುತ್ತಿದ್ದವು. ಬ್ರೇಕ್‌ವಾಟರಿನ ಕಲ್ಲಿನ ಮೇಲೆ ನಿಂತು ನೋಡುತ್ತಿದ್ದೆ. ಒಂದು ಟ್ರಾಲ್ ಬೋಟು ವಾಪಸು ಬಂತು. ಬಂದದ್ದು ಸೀದಾ ಒಳಗೆ ಬರಲಿಲ್ಲ. ಅಳಿವೆಯ ಹೊರಗೆ ಎಂಜಿನ್ ನಿಧಾನ ಮಾಡಿ ಮೂತಿ ಆಚೀಚೆ ಆಡಿಸುತ್ತಾ ನಿಂತಿತು. ನನ್ನ ಪಕ್ಕ ಗಾಳ ಹಾಕುತ್ತಿದ್ದ ಅಜ್ಜ, ತಿರುಗಿಯೂ ನೋಡದೆ, "ತಾಂಡೇಲ ಲೆಕ್ಕ ಹಾಕ್ತಾ ಇದ್ದಾನೆ" ಅಂದರು. ತಾಂಡೇಲ ಅಂದರೆ ಬೋಟು ನಡೆಸುವವ. ದೊಡ್ಡ ಅಲೆ ಒಂದು ಹೋಯಿತು, ಎರಡು, ಮೂರು. ಆಮೇಲೆ ಸ್ವಲ್ಪ ಹೊತ್ತು ನೀರು ಉಸಿರು ಹಿಡಿದ ಹಾಗೆ ಸುಮ್ಮನಾಯಿತು. ಅಷ್ಟೇ, ಕಪ್ಪು ಹೊಗೆ ಎದ್ದಿತು, ಬೋಟು ಬಾಣದ ಹಾಗೆ ಒಳಗೆ. ಹಿಂದೆ ಎದ್ದ ಅಲೆ ಅದರ ಬಾಲಕ್ಕೆ ತಾಗಿ ಒಡೆಯಿತು. ನಾನು ಬಾಯಿ ಬಿಟ್ಟು ನೋಡುವಾಗ ನನ್ನ ಒಂದು ಚಪ್ಪಲಿ ಕಲ್ಲಿನ ಸಂದಿಗೆ ಬಿದ್ದು ಹೋಯಿತು. ಅಜ್ಜ ಅದಕ್ಕೂ ತಿರುಗಿ ನೋಡಲಿಲ್ಲ.

ನದಿಯ ನೀರು ಹೊರಗೆ ತಳ್ಳುತ್ತದೆ, ಕಡಲಿನ ಅಲೆ ಒಳಗೆ ತಳ್ಳುತ್ತದೆ. ಎರಡೂ ಸಂಧಿಸುವಲ್ಲಿ ಮರಳು ದಿಬ್ಬ ಆಗುತ್ತದೆ, ಅಲೆ ಅದರ ಮೇಲೆ ಎದ್ದು ಒಡೆಯುತ್ತದೆ. ಬೋಟುಗಳು ಮಗುಚುವುದು ಜಾಸ್ತಿ ಅಲ್ಲೇ, ನಡುಗಡಲಿನಲ್ಲಿ ಅಲ್ಲ. ಎರಡು ಗೋಡೆ ಕಟ್ಟಿದರೆ ಆಚೀಚೆಯ ಅಲೆಗೆ ತಡೆ, ನದಿಯ ನೀರು ಕಿರಿದಾದ ದಾರಿಯಲ್ಲಿ ಜೋರಾಗಿ ಹರಿಯುವುದರಿಂದ ಹೂಳು ತಾನಾಗಿ ಸ್ವಲ್ಪ ಕೊಚ್ಚಿಹೋಗುತ್ತದೆ. ಉದ್ದೇಶ ಅದು. ಪೂರ್ತಿ ಕೊಚ್ಚಿಹೋದರೆ ಹೂಳೆತ್ತುವ ಟೆಂಡರ್ ಯಾಕೆ ಕರೆಯುತ್ತಿದ್ದರು ಅಂತ ನೀವು ಕೇಳಬಹುದು, ಕೇಳಬೇಡಿ.

ವಿಟ್ಬಿಯವರದ್ದೂ ಇದೇ ಕಷ್ಟ. ಜೊತೆಗೆ ಅಲ್ಲಿ ಭರತ ಇಳಿತದ ವ್ಯತ್ಯಾಸ ದೊಡ್ಡ ದಿನಗಳಲ್ಲಿ 5 ಮೀಟರಿನ ಹತ್ತಿರ ಹೋಗುತ್ತದೆ. ನಮ್ಮಲ್ಲಿ ಒಂದೂವರೆ ಮೀಟರ್ ಆದರೆ ಅದೇ ದೊಡ್ಡದು. ಅಂದರೆ ಬೆಳಿಗ್ಗೆ ಹಡಗು ಹೋದ ದಾರಿಯಲ್ಲಿ ಮಧ್ಯಾಹ್ನ ಹಡಗಿಗೆ ನೀರೇ ಸಾಲದು.

ಮತ್ತೆ ಆ ಊರು ಈಗ ಸಣ್ಣದು, ಆಗ ಹಾಗಿರಲಿಲ್ಲ. ಹಡಗು ಕಟ್ಟುವ ಊರು, ಕಲ್ಲಿದ್ದಲು ಸಾಗಿಸುವ ಹಡಗುಗಳ ಊರು, ತಿಮಿಂಗಿಲ ಬೇಟೆಯ ಊರು. ಪಿಯರುಗಳನ್ನು ಮತ್ತೆ ಕಟ್ಟಿ ರಿಪೇರಿ ಮಾಡಲೆಂದೇ 1702ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು, ಕಲ್ಲಿದ್ದಲು ಮುಂತಾದ ಸರಕಿನ ಮೇಲೆ ಸುಂಕ ಹಾಕಿ ಆ ದುಡ್ಡನ್ನು ಗೋಡೆಗೆ ಸುರಿದರು. ಜೇಮ್ಸ್ ಕುಕ್ ಹೆಸರು ಪಾಠದಲ್ಲಿ ನೀವೇ ಹೇಳಿಕೊಟ್ಟಿರುತ್ತೀರಿ. ಆತ 1746ರಲ್ಲಿ ಹುಡುಗನಾಗಿ ಕೆಲಸ ಕಲಿಯಲು ಸೇರಿದ್ದು ಇಲ್ಲಿನ ಒಬ್ಬ ಹಡಗು ಮಾಲೀಕನ ಬಳಿ. ಮುಂದೆ ಆತ ಪೆಸಿಫಿಕ್ ಸುತ್ತಿದ 'ಎಂಡೆವರ್' ಹಡಗನ್ನು 1764ರಲ್ಲಿ ಕಟ್ಟಿದ್ದೂ ಇಲ್ಲೇ, ಅದೂ ಕಲ್ಲಿದ್ದಲು ಹೊರಲು! ತಳ ಚಪ್ಪಟೆ, ಮರಳಿಗೆ ಕೂತರೂ ಅಡ್ಡ ಬೀಳದ ಹಡಗು. ನೀರು ಏರಿ ಇಳಿಯುವ ಇಂಥ ಬಂದರಿನಲ್ಲಿ ಬೇರೆ ಥರದ ಹಡಗು ಕಟ್ಟಿ ಪ್ರಯೋಜನವೂ ಇರಲಿಲ್ಲ ಅನ್ನಿ.

ಪ್ರ: ಗೋಡೆ ತುದಿಯ ದೀಪ ಒಂದು ಕೆಂಪು, ಒಂದು ಹಸಿರು ಯಾಕೆ? ಟ್ರಾಫಿಕ್ ಸಿಗ್ನಲ್ ಥರವಾ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್)

ಉ: ನಿಲ್ಲು, ಹೋಗು ಅಂತ ಅಲ್ಲ ಮಾರಾಯ್ರೆ. ಕಡಲಿನಿಂದ ಬಂದರಿಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎರಡರ ನಡುವೆ ದಾರಿ. ಇಂಗ್ಲೆಂಡಿಗೂ ನಮಗೂ ಒಂದೇ ನಿಯಮ. ಅಮೆರಿಕ, ಜಪಾನ್‌ಗಳಲ್ಲಿ ಇದು ಉಲ್ಟಾ, ಅಲ್ಲಿ ಬಲಕ್ಕೆ ಕೆಂಪು. ವಿಟ್ಬಿಯಲ್ಲಿ ಬಂದರಿನ ಬಾಯಿ ಉತ್ತರಕ್ಕಿದೆ, ಬೋಟು ದಕ್ಷಿಣಕ್ಕೆ ಮುಖ ಮಾಡಿ ಒಳಗೆ ಬರುತ್ತದೆ. ಹಾಗಾದರೆ ಪೂರ್ವದ ಗೋಡೆಗೆ ಯಾವ ಬಣ್ಣ? ನಿಮ್ಮ ಕಾಲೇಜಿನ ಹಿಂದೆಯೇ ಕಡಲು, ಬದಿಯಲ್ಲೇ 1972ರ ಲೈಟ್‌ಹೌಸ್, ಇಷ್ಟು ಲೆಕ್ಕ ನೀವೇ ಮಾಡಿ.

ಪ್ರ: ಗೋಡೆ ಕಟ್ಟಿದ ಮೇಲೆ ಅಲ್ಲೂ ಪಕ್ಕದವರ ತೋಟ, ಮನೆ ಕಡಲಿಗೆ ಹೋಯಿತಾ?
(ಓದುಗರು, ಉಳ್ಳಾಲ)

ಉ: ಈ ಪ್ರಶ್ನೆ ಉಳ್ಳಾಲದಿಂದಲೇ ಬರಬೇಕಿತ್ತು. ಮರಳು ದಡದುದ್ದಕ್ಕೂ ನಡೆಯುತ್ತಲೇ ಇರುತ್ತದೆ, ಗೋಡೆ ಅಡ್ಡ ಬಂದರೆ ಒಂದು ಬದಿ ನಿಲ್ಲುತ್ತದೆ, ಇನ್ನೊಂದು ಬದಿಗೆ ಸಿಗುವುದಿಲ್ಲ. ಅದು ಎಲ್ಲ ಊರಿಗೂ ಒಂದೇ. ವಿಟ್ಬಿಯಲ್ಲಿ ಪಶ್ಚಿಮದ ಗೋಡೆಯ ಬದಿಗೆ ಉದ್ದಕ್ಕೆ ಚಂದದ ಮರಳ ಕಿನಾರೆ, ಪೂರ್ವದ ಬದಿ ನೀರು ಇಳಿದಾಗ ಬರೀ ಚಪ್ಪಟೆ ಬಂಡೆ. ಆದರೆ ಎಲ್ಲ ತಪ್ಪನ್ನೂ ಗೋಡೆಯ ಮೇಲೆ ಹಾಕುವ ಹಾಗಿಲ್ಲ. ಅಲ್ಲಿನ ಪೂರ್ವದ ದಡ ಮೆತ್ತನೆಯ ಕಲ್ಲಿನದ್ದು, ತಾನಾಗಿಯೂ ಕುಸಿಯುತ್ತದೆ. ದಡದ ಮೇಲೆ ಹಳೇ ಇಗರ್ಜಿ, ಅದರ ಸುತ್ತ ಸಮಾಧಿಗಳು. 199 ಮೆಟ್ಟಿಲು ಹತ್ತಿ ಹೋಗಬೇಕು. ನಾನು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಹತ್ತಿದ್ದೆ. ಆ ಸ್ಮಶಾನದ ಅಂಚೇ ಜರಿದು, ಮೂಳೆಗಳು ಕೆಳಗೆ ಬಿದ್ದದ್ದುಂಟು. ನಿಮ್ಮ ಕಡೆ ತೆಂಗಿನ ಮರ ಹೋಗುತ್ತದೆ, ಅಲ್ಲಿ ಅಜ್ಜಂದಿರೇ ಹೋಗುತ್ತಾರೆ.

ಪ್ರ: ಬ್ರೈಟನ್ ಥರದ ಒಂದು ಪಿಯರ್ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಕಟ್ಟಿದರೆ ಟೂರಿಸಂಗೆ ಎಷ್ಟು ಒಳ್ಳೆಯದು, ಅಲ್ವಾ?
(ಹೋಟೆಲ್ ಉದ್ಯಮಿ, ಮಂಗಳೂರು)

ಉ: ಗೋಳಿಬಜೆ ತಿನ್ನುತ್ತಾ ಕಡಲ ಮೇಲೆ ಅರ್ಧ ಕಿಲೋಮೀಟರ್ ನಡೆಯುವುದು ನನಗೂ ಇಷ್ಟವೇ. ಆದರೆ ಮೊದಲು ಆ ಪಿಯರುಗಳ ಗತಿ ಕೇಳಿ.

ಬ್ರೈಟನ್‌ನಲ್ಲಿ ಮೊದಲು ಇದ್ದದ್ದು ಸರಪಳಿಯಿಂದ ತೂಗುಹಾಕಿದ ಪಿಯರ್, 1823ರದ್ದು. 1896ರ ಒಂದು ಬಿರುಗಾಳಿಗೆ ಹೋಯಿತು. 1866ರಲ್ಲಿ ಇನ್ನೊಂದು, ವೆಸ್ಟ್ ಪಿಯರ್. ಅದು ತುಕ್ಕು ತಿಂದು 1975ರಲ್ಲಿ ಬಾಗಿಲು ಹಾಕಿತು, 2003ರಲ್ಲಿ ಬೆಂಕಿಯೂ ಬಿತ್ತು. ಈಗ ಸಮುದ್ರದ ನಡುವೆ ಕಬ್ಬಿಣದ ಅಸ್ಥಿಪಂಜರ ನಿಂತಿದೆ, ಜನ ಅದರದ್ದೂ ಫೋಟೊ ತೆಗೆಯುತ್ತಾರೆ ಅನ್ನಿ. 1899ರ ಪ್ಯಾಲೇಸ್ ಪಿಯರ್ ಒಂದು ಇನ್ನೂ ಗಟ್ಟಿಮುಟ್ಟಾಗಿದೆ. ಸೌತೆಂಡ್ ಎಂಬಲ್ಲಿ 2 ಕಿಲೋಮೀಟರಿಗೂ ಉದ್ದದ ಪಿಯರ್ ಇದೆ, ಅದರ ಮೇಲೆ ರೈಲೇ ಓಡುತ್ತದೆ. ಅಷ್ಟುದ್ದ ಜಂಬಕ್ಕೆ ಅಲ್ಲ, ಇಳಿತದಲ್ಲಿ ನೀರು ಅಷ್ಟು ದೂರ ಹಿಂದೆ ಸರಿದು ಬರೀ ಕೆಸರು ಉಳಿಯುತ್ತದೆ, ಸ್ಟೀಮರ್ ಹತ್ತಿರ ಬರಬೇಕಲ್ಲ.

ಇವುಗಳ ಕಾಲು ಊರುವ ಉಪಾಯ ಮಾತ್ರ ಭಾರೀ ಚಂದ. ಬೆಲ್‌ಫಾಸ್ಟಿನ ಅಲೆಗ್ಸಾಂಡರ್ ಮಿಚೆಲ್ ಎಂಬ ಎಂಜಿನಿಯರ್, ಕಣ್ಣು ಪೂರ್ತಿ ಕಾಣದವರು, 1833ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕಬ್ಬಿಣದ ಕಂಬದ ತುದಿಗೆ ದೊಡ್ಡ ಸ್ಕ್ರೂ. ಮರಳಿಗೆ ಬಡಿದು ಇಳಿಸುವುದಲ್ಲ, ತಿರುಗಿಸಿ ಇಳಿಸುವುದು. ಬಡಿದ ಗೂಟವನ್ನು ಅಲೆ ಅಲ್ಲಾಡಿಸಿ ಕೀಳುತ್ತದೆ, ತಿರುಪಿದ ಗೂಟ ಮರಳನ್ನು ಕಚ್ಚಿ ಹಿಡಿಯುತ್ತದೆ. ಮೊದಲು ಲೈಟ್‌ಹೌಸಿಗೆ ಬಳಸಿದರು, ಆಮೇಲೆ ಪಿಯರುಗಳಿಗೆ.

ನಮ್ಮ ಕರಾವಳಿಗೂ ಕಬ್ಬಿಣದ ಪಿಯರ್ ಹೊಸತಲ್ಲ. ಕೇರಳದ ಆಲಪ್ಪುಳದಲ್ಲಿ 1862ರಲ್ಲೇ ಕಟ್ಟಿದ್ದರು, ಕೋಯಿಕ್ಕೋಡಿನಲ್ಲೂ ಇತ್ತು. ಈಗ ಹೋಗಿ ನೋಡಿ, ತುಕ್ಕು ಹಿಡಿದ ಕಂಬಗಳು, ಮೇಲೆ ಕಾಗೆ. ಉಪ್ಪು ಗಾಳಿಯಲ್ಲಿ ನಮ್ಮ ಮನೆಯ ಗೇಟು ಎಷ್ಟು ವರ್ಷ ಬಾಳುತ್ತದೆ ಅಂತ ನಿಮಗೂ ಗೊತ್ತಲ್ಲ. ಇಲ್ಲಿ ವರ್ಷಕ್ಕೆ ಮೂರು ತಿಂಗಳು ಮಳೆಗಾಲದ ಕಡಲು, ತೇಲುವ ಸೇತುವೆಯನ್ನೇ ಬಿಚ್ಚಿ ಇಡಬೇಕಾಗುತ್ತದೆ. ಮಲ್ಪೆಯ ಸೀವಾಕ್ ಬ್ರೇಕ್‌ವಾಟರಿನ ಬೆನ್ನ ಮೇಲೆಯೇ ಇದೆ, ಅದು ಬುದ್ಧಿವಂತಿಕೆ. ಕಲ್ಲು ಹೇಗೂ ಬೇಕು, ಅದರ ಮೇಲೆ ನಡೆದರಾಯಿತು. ವಿಟ್ಬಿಯವರು ಮಾಡುವುದೂ ಅದನ್ನೇ.

ಪ್ರ: ಇಷ್ಟೆಲ್ಲ ದೀಪ ಇದ್ದರೆ ಅಲ್ಲಿ ಹಡಗು ಒಡೆಯುವುದೇ ಇಲ್ಲವಾ?
(ಓದುಗರು, ಗಂಗೊಳ್ಳಿ)

ಉ: ಒಡೆದಿವೆ, ಲೆಕ್ಕ ಇಲ್ಲದಷ್ಟು. ಒಂದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಅದು ದೀಪ ಆರಿಸಿಟ್ಟ ಕಾಲದ್ದು, ಮತ್ತೆ ಹಡಗಿನ ಹೆಸರು ನಮ್ಮ ಕಡೆಯದ್ದು.

'ರೋಹಿಲ್ಲಾ'. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗು. ಕಲ್ಕತ್ತಾಕ್ಕೂ ಬರ್ಮಾಕ್ಕೂ ನಡುವೆ ಟಪಾಲು ಒಯ್ಯಲು 1856ರಲ್ಲಿ ಶುರುವಾದ ಕಂಪನಿ ಅದು. ಮೊದಲ ಮಹಾಯುದ್ಧದಲ್ಲಿ ಹಡಗನ್ನು ಆಸ್ಪತ್ರೆ ಮಾಡಿದ್ದರು. ಗಾಯಾಳುಗಳನ್ನು ತರಲು ಡನ್‌ಕರ್ಕಿಗೆ ಹೊರಟಿತ್ತು. ಶತ್ರುವಿಗೆ ದಾರಿ ತಿಳಿಯಬಾರದು ಅಂತ ದಡದ ದೀಪಗಳೆಲ್ಲ ಬಂದ್. ಮೇಲೆ ಬಿರುಗಾಳಿ. 1914ರ ಅಕ್ಟೋಬರ್ 30ರ ಬೆಳಗಿನ ಜಾವ ವಿಟ್ಬಿಯ ದಕ್ಷಿಣಕ್ಕೆ ಬಂಡೆಗೆ ಹೊಡೆದು ಕೂತುಬಿಟ್ಟಿತು. ಹಡಗಿನಲ್ಲಿ 229 ಜನ. ದಡದಲ್ಲಿ ನಿಂತವರಿಗೆ ಅವರು ಕಾಣುತ್ತಾರೆ, ಆದರೆ ನಡುವಿನ ನೀರು ದಾಟಲು ಆಗುವುದಿಲ್ಲ.

ಬಂದರಿನ ಬಾಯಿಯಿಂದ ಆ ಅಲೆಗೆ ದೋಣಿ ಇಳಿಸುವ ಹಾಗಿರಲಿಲ್ಲ. ಹುಟ್ಟು ಹಾಕುವ ಜೀವರಕ್ಷಕ ದೋಣಿಯನ್ನು ಜನ ಹೊತ್ತು, ಎಳೆದು, ಗೋಡೆ ದಾಟಿಸಿ, ಬಂಡೆಗಳ ಮೇಲೆ ಜಾರಿಸುತ್ತಾ ಹಡಗಿನ ಎದುರಿಗೆ ತಂದರು. ತರುವಾಗಲೇ ದೋಣಿಗೆ ತೂತು. ಆದರೂ ಎರಡು ಸಲ ಹೋಗಿ 35 ಜನರನ್ನು ತಂದಿತು, ಮೂರನೇ ಸಲಕ್ಕೆ ಅದರಲ್ಲಿ ಜೀವ ಇರಲಿಲ್ಲ. ಹಡಗು ತುಂಡಾಗುತ್ತಾ ಹೋಯಿತು, ಕೆಲವರು ಈಜಿಯೇ ದಡ ಸೇರಿದರು. ಕೊನೆಗೆ ಟೈನ್‌ಮತ್‌ನಿಂದ ಎಂಜಿನ್ ಇರುವ ರಕ್ಷಣಾ ದೋಣಿ ಬಂದು, ಅಲೆ ತಗ್ಗಿಸಲು ನೀರಿಗೆ ಎಣ್ಣೆ ಸುರಿದು, ನವೆಂಬರ್ 1ರ ಬೆಳಿಗ್ಗೆ ಉಳಿದ 50 ಜನರನ್ನು ಇಳಿಸಿಕೊಂಡಿತು. ಮೂರನೇ ದಿನ ಅದು. 80ಕ್ಕೂ ಹೆಚ್ಚು ಜನ ಸತ್ತರು. ಬದುಕಿದವರಲ್ಲಿ ಮೇರಿ ರಾಬರ್ಟ್ಸ್ ಎಂಬ ಮಹಿಳೆ ಇದ್ದರು, ಎರಡು ವರ್ಷ ಮೊದಲು ಟೈಟಾನಿಕ್‌ನಲ್ಲೂ ಇದ್ದು ಬದುಕಿದವರು.

ಆಮೇಲೆ ರಕ್ಷಣಾ ದೋಣಿಗಳಿಗೆ ಎಂಜಿನ್ ಬೇಕು ಅನ್ನುವ ಮಾತಿಗೆ ಎದುರು ಹೇಳುವವರು ಕಡಿಮೆಯಾದರು.

ಪ್ರ: ಮಂಜಿನಲ್ಲಿ ದೀಪ ಕಾಣದಿದ್ದರೆ?
(ವಿದ್ಯಾರ್ಥಿನಿ, ಕಾರ್ಕಳ)

ಉ: ಆಗ ಕಿವಿಯೇ ಗತಿ. ವಿಟ್ಬಿಯ ದೊಡ್ಡ ದೀಪದ ಹತ್ತಿರ ಮಂಜಿಗೆಂದೇ ಒಂದು ಭಾರೀ ಕಹಳೆ ಇತ್ತು. ಅದರ ಕೂಗಿಗೆ ಊರಿನವರು ಇಟ್ಟ ಹೆಸರು ಹುಚ್ಚು ಗೂಳಿ. ಈಗ ಗೂಳಿ ಸುಮ್ಮನಾಗಿದೆ, ಹಡಗುಗಳಲ್ಲಿ ರಾಡಾರ್ ಬಂತು.

ಪ್ರ: ಅಲ್ಲಿನ ಮೀನು ಹೇಗೆ?
(ಹೆಸರು ಬೇಡ ಅಂದಿದ್ದಾರೆ, ಮಂಗಳೂರು)

ಉ: ಮೀನು ತಾಜಾ, ಮಸಾಲೆ ಶೂನ್ಯ. ಹಿಟ್ಟಿನಲ್ಲಿ ಅದ್ದಿ ಕರಿದು, ಆಲೂಗಡ್ಡೆ ಜೊತೆ ಕಾಗದದಲ್ಲಿ ಕೊಡುತ್ತಾರೆ. ಪಿಯರ್ ಮೇಲೆ ತಿನ್ನಲು ಹೋಗಬೇಡಿ. ನಾನು ಹೋಗಿದ್ದೆ, ಅರ್ಧವನ್ನು ಒಂದು ಕಡಲಕಾಗೆ ಕೈಯಿಂದಲೇ ಕಿತ್ತುಕೊಂಡು ಹೋಯಿತು. ಪರ್ಸಿನಲ್ಲಿ ಬೂತಾಯಿ ಪುಳಿಮುಂಚಿಯ ಪುಡಿ ಇಟ್ಟುಕೊಂಡಿದ್ದೆ, ಉದುರಿಸುವ ಮೊದಲೇ.

ಪ್ರ: ವಿಟ್ಬಿ ಇರುವುದು ಪೂರ್ವದ ಕರಾವಳಿಯಲ್ಲಿ. ನಮಗೆ ಸೂರ್ಯಾಸ್ತ ಮಾತ್ರ, ಹಾಗಾದರೆ ಅವರಿಗೆ ಸೂರ್ಯೋದಯ ಮಾತ್ರ ತಾನೆ?
(ಓದುಗರು, ಕಾಪು)

ಉ: ಹಾಗೆಯೇ ಅಂದುಕೊಂಡು ನಾನೂ ಸಂಜೆ ಕೋಣೆಯಲ್ಲಿ ಕೂತಿದ್ದೆ. ಕರಾವಳಿ ಪೂರ್ವದ್ದಾದರೂ ಆ ಊರಿನ ಮುಖ ಉತ್ತರಕ್ಕೆ. ಜೂನ್ ಕೊನೆಯಲ್ಲಿ ಸೂರ್ಯ ಈಶಾನ್ಯದಲ್ಲಿ ಹುಟ್ಟಿ ವಾಯವ್ಯದಲ್ಲಿ ಮುಳುಗುತ್ತಾನೆ, ಎರಡೂ ನೀರಿನ ಮೇಲೆಯೇ. ಉದಯ ಬೆಳಗಿನ ನಾಲ್ಕೂವರೆಗೆ, ಅಸ್ತ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಉಡುಪಿಯ ಅಕ್ಕ, ಮಗಳು ಇನ್ನೊಮ್ಮೆ ಹೋಗುವುದಾದರೆ ಜೂನ್‌ನಲ್ಲೇ ಹೋಗಲಿ, ಸ್ವೆಟರ್ ಮಾತ್ರ ಮರೆಯದಿರಲಿ.